ಬೂಷ್ಟು ಹಿಡಿದ ದ್ರಾಕ್ಷಿಯಿಂದ ಶಾತೋ ದಿಕೆಮ್ ವೈನ್ ಹೇಗಾಗುತ್ತದೆ?

ಪ್ರಶ್ನೆ: ನಾವು ವಿಜಯಪುರ ಜಿಲ್ಲೆಯಲ್ಲಿ ದ್ರಾಕ್ಷಿ ಬೆಳೆದು ಮಣೂಕ (ಒಣದ್ರಾಕ್ಷಿ) ಮಾಡುವವರು. ಗೊನೆಗೆ ಬೂಷ್ಟು ಕಂಡರೆ ಕತ್ತರಿಸಿ ತೋಟದಿಂದ ಹೊರಗೆ ಹಾಕುತ್ತೇವೆ. ಫ್ರಾನ್ಸಿನ ಶಾತೋ ದಿಕೆಮ್ ಎಂಬ ಹಳೆಯ ತೋಟದವರು ಬೂಷ್ಟು ಹಿಡಿದ ಹಣ್ಣಿನಿಂದಲೇ ಬಹಳ ಬೆಲೆಬಾಳುವ ಸಿಹಿ ವೈನ್ ಮಾಡುತ್ತಾರೆ ಎಂದು ಓದಿದೆ. ಇದು ನಿಜವೇ? ನಿಜವಾದರೆ ಅದು ಮಣೂಕದಿಂದ ತೆಗೆದ ವೈನಿಗಿಂತ ಹೇಗೆ ಬೇರೆ? ಅಂಥದ್ದನ್ನು ನಮ್ಮ ಕಡೆ ಮಾಡಲು ಬರುತ್ತದೆಯೇ?

ಉತ್ತರ: ನೀವು ಓದಿದ್ದು ನಿಜ. ಆದರೆ ‘ಬೂಷ್ಟು ಹಿಡಿದ ಹಣ್ಣು’ ಎಂಬ ಒಂದೇ ಮಾತಿನೊಳಗೆ ಒಂದಕ್ಕೊಂದು ತದ್ವಿರುದ್ಧವಾದ ಎರಡು ಸ್ಥಿತಿಗಳು ಅಡಗಿವೆ. ಎರಡಕ್ಕೂ ಕಾರಣವಾದ ಶಿಲೀಂಧ್ರ ಒಂದೇ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಬೊಟ್ರೈಟಿಸ್ ಸಿನೇರಿಯಾ. ಸ್ಟ್ರಾಬೆರಿ, ಟೊಮೆಟೊ ಮತ್ತು ಗುಲಾಬಿ ಮೊಗ್ಗುಗಳ ಮೇಲೆ ಬೂದುಬಣ್ಣದ ತುಪ್ಪಳದಂತೆ ಕಾಣಿಸಿಕೊಳ್ಳುವುದೂ ಇದೇ. ಕಾಯಿ ಇನ್ನೂ ಪಕ್ವವಾಗುವ ಮೊದಲೇ, ಅಥವಾ ಸಿಪ್ಪೆ ಒಡೆದ ಹಣ್ಣಿನ ಮೇಲೆ, ಅಥವಾ ಬಿಡುವಿಲ್ಲದ ಮಳೆಯ ದಿನಗಳಲ್ಲಿ ಇದು ಹಬ್ಬಿದರೆ ಗೊನೆ ಪೂರ್ತಿ ಕೊಳೆಯುತ್ತದೆ, ಹುಳಿ ವಾಸನೆ ಬರುತ್ತದೆ, ಬೆಳೆ ಕೈಬಿಟ್ಟುಹೋಗುತ್ತದೆ. ನೀವು ಕತ್ತರಿಸಿ ಹೊರಗೆ ಹಾಕುವುದು ಇದನ್ನು, ಮತ್ತು ಹಾಗೆ ಹಾಕುವುದೇ ಸರಿ. ಅದೇ ಶಿಲೀಂಧ್ರವು ಚೆನ್ನಾಗಿ ಪಕ್ವವಾದ, ಸಿಪ್ಪೆ ಒಡೆಯದ ಹಣ್ಣಿನ ಮೇಲೆ ಕುಳಿತು, ಬೆಳಗಿನ ಹೊತ್ತು ತೇವವೂ ಮಧ್ಯಾಹ್ನ ಒಣ ಬಿಸಿಲೂ ದಿನದ ಮೇಲೆ ದಿನ ಸಿಗುತ್ತ ಹೋದರೆ, ಹಣ್ಣು ಕೊಳೆಯುವುದರ ಬದಲು ಒಳಗೊಳಗೇ ಬತ್ತಿ ಗಟ್ಟಿಯಾಗುತ್ತದೆ. ಫ್ರೆಂಚರು ಇದನ್ನು ‘ಕುಲೀನ ಕೊಳೆ’ ಎಂದು ಕರೆಯುತ್ತಾರೆ. ಶಾತೋ ದಿಕೆಮ್‌ನ ನಾಲ್ಕು ಶತಮಾನಗಳ ಕೆಲಸವೆಲ್ಲ ಈ ಎರಡು ಕೊಳೆಗಳನ್ನು ಕಾಳು ಕಾಳಾಗಿ ಬೇರ್ಪಡಿಸುವುದರಲ್ಲಿದೆ. ಅವರ ಹಿರಿಮೆ ಬೂಷ್ಟನ್ನು ಬಳಸುವುದರಲ್ಲಿ ಇರುವುದಕ್ಕಿಂತ ಹೆಚ್ಚಾಗಿ, ಏನನ್ನೆಲ್ಲ ಬಳಸದೆ ಬಿಟ್ಟುಬಿಡುತ್ತಾರೆ ಎಂಬುದರಲ್ಲಿದೆ ಎಂದು ನಾನು ತಿಳಿದಿದ್ದೇನೆ.

ಮೊದಲು ಜಾಗವನ್ನು ನೋಡೋಣ. ಫ್ರಾನ್ಸಿನ ನೈಋತ್ಯದಲ್ಲಿ ಬೋರ್ಡೋ ನಗರವಿದೆ. ಅಲ್ಲಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಗರೋನ್ ನದಿಯ ಎಡದಂಡೆಯ ಮೇಲೆ ಸೊಟೇರ್ನ್ ಎಂಬ ಸಣ್ಣ ಊರು. ಸೊಟೇರ್ನ್, ಬಾರ್ಸಾಕ್, ಬೊಮ್, ಫಾರ್ಗ್, ಪ್ರೆನ್ಯಾಕ್ ಎಂಬ ಐದು ಊರುಗಳ ತೋಟಗಳಲ್ಲಿ ತಯಾರಾದ ಸಿಹಿ ವೈನಿಗೆ ಮಾತ್ರ ಸೊಟೇರ್ನ್ ಎಂಬ ಹೆಸರನ್ನು ಹಾಕಿಕೊಳ್ಳುವ ಕಾನೂನುಬದ್ಧ ಹಕ್ಕಿದೆ. ಈ ಹಕ್ಕು 1936ರಲ್ಲಿ ನಿಗದಿಯಾಯಿತು. ದಿಕೆಮ್ ತೋಟವಿರುವುದು ಈ ಸೀಮೆಯ ದಿಬ್ಬಗಳಲ್ಲಿ ಎತ್ತರವಾದದ್ದರ ನೆತ್ತಿಯ ಮೇಲೆ. ಶಾತೋ ಎಂದರೆ ಕೋಟೆಮನೆ. ಹಳೆಯ ಕಲ್ಲುಮನೆ ದಿಬ್ಬದ ತುದಿಯಲ್ಲಿದೆ, ಅದರ ಸುತ್ತಲೂ ಬಳ್ಳಿಗಳ ಸಾಲುಗಳು ಎಲ್ಲ ದಿಕ್ಕಿಗೂ ಇಳಿಯುತ್ತವೆ. ಹೆಸರಿಗೆ ಅರ್ಹವಾದ ನೆಲ ಸುಮಾರು 113 ಹೆಕ್ಟೇರ್. ಅದರಲ್ಲಿ ಫಲ ಕೊಡುವ ಬಳ್ಳಿಗಳಿರುವುದು ಸುಮಾರು 100 ಹೆಕ್ಟೇರಿನಲ್ಲಿ. ಪ್ರತಿವರ್ಷ ಒಂದಿಷ್ಟು ಹಳೆಯ ಬಳ್ಳಿಗಳನ್ನು ಕಿತ್ತು, ನೆಲವನ್ನು ಬೀಳು ಬಿಟ್ಟು, ಆಮೇಲೆ ಹೊಸದಾಗಿ ನೆಡುತ್ತಾರೆ. ಆದ್ದರಿಂದ ತೋಟದ ಒಂದು ಭಾಗ ಯಾವಾಗಲೂ ವಿಶ್ರಾಂತಿಯಲ್ಲಿಯೋ ಎಳೆತನದಲ್ಲಿಯೋ ಇರುತ್ತದೆ.

ವೈನಿನ ಲೋಕದಲ್ಲಿ ‘ಟೆರ್ವಾರ್’ ಎಂಬ ಫ್ರೆಂಚ್ ಪದ ಬಹಳ ಬಳಕೆಯಲ್ಲಿದೆ. ನಮ್ಮ ಕಡೆ ‘ಆ ನೆಲದ ಗುಣ, ಆ ನೀರಿನ ಗುಣ’ ಎಂದು ಹಿರಿಯರು ಹೇಳುವುದನ್ನು ಮಣ್ಣು, ಇಳಿಜಾರು, ಗಾಳಿ, ತೇವ, ಬಿಸಿಲು ಇವೆಲ್ಲವನ್ನೂ ಸೇರಿಸಿ ಒಂದೇ ಪದದಲ್ಲಿ ಹೇಳಿದಂತೆ ಅದು. ಸೊಟೇರ್ನ್‌ನಲ್ಲಿ ಈ ಗುಣದ ಮೊದಲ ಭಾಗ ಬರುವುದು ನೀರಿನಿಂದ. ಸಿರೋನ್ ಎಂಬ ಸಣ್ಣ ಹೊಳೆ ಲಾಂದ್ ಪ್ರದೇಶದ ಕಾಡುಗಳ ನೆರಳಿನಲ್ಲಿ, ಒರತೆಗಳ ನೀರನ್ನು ಕೂಡಿಸಿಕೊಂಡು ಹರಿದುಬಂದು, ಈ ಊರುಗಳ ಪಕ್ಕದಲ್ಲಿಯೇ ಗರೋನ್ ನದಿಯನ್ನು ಸೇರುತ್ತದೆ. ಮರಗಳ ಚಪ್ಪರದ ಕೆಳಗೆ ಹರಿಯುವುದರಿಂದ ಸಿರೋನ್‌ನ ನೀರು ತಣ್ಣಗಿರುತ್ತದೆ. ಅಗಲವಾಗಿ ಬಿಸಿಲಿಗೆ ಒಡ್ಡಿಕೊಂಡು ಹರಿಯುವ ಗರೋನ್‌ನ ನೀರು ಬೆಚ್ಚಗಿರುತ್ತದೆ. ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳ ರಾತ್ರಿಗಳಲ್ಲಿ ಇವೆರಡೂ ಕೂಡುವಲ್ಲಿ ಮಂಜು ಏಳುತ್ತದೆ, ಕಣಿವೆಗುಂಟ ಹಬ್ಬಿ ದಿಬ್ಬಗಳ ಮೇಲಕ್ಕೆ ಏರುತ್ತದೆ, ಬೆಳಗಿನ ಹೊತ್ತು ಬಳ್ಳಿಗಳನ್ನೆಲ್ಲ ಮುಚ್ಚಿರುತ್ತದೆ. ಬಿಸಿಲೇರಿದಂತೆ ಮಂಜು ಕರಗಿ, ಮಧ್ಯಾಹ್ನ ಒಣಗಾಳಿ ಬೀಸುತ್ತದೆ. ಶಿಲೀಂಧ್ರ ಬೆಳೆಯಲು ಬೆಳಗಿನ ತೇವ ಬೇಕು; ಅದು ಮಿತಿಮೀರದಂತೆ ತಡೆಯಲು ಮಧ್ಯಾಹ್ನದ ಬಿಸಿಲು ಬೇಕು. ದಿಕೆಮ್ ಎತ್ತರದಲ್ಲಿರುವುದರಿಂದ ಮಂಜು ಅಲ್ಲಿಗೆ ತಲುಪಿದರೂ ಬೇಗ ಚೆದುರುತ್ತದೆ, ಗಾಳಿ ಚೆನ್ನಾಗಿ ಆಡುತ್ತದೆ. ಒಂದೇ ಸೀಮೆಯಲ್ಲಿ, ಒಂದೇ ಹೊಳೆಯ ಮಂಜಿನಡಿಯಲ್ಲಿ ಇದ್ದರೂ ತಗ್ಗಿನ ತೋಟಕ್ಕೂ ದಿಬ್ಬದ ತೋಟಕ್ಕೂ ವ್ಯತ್ಯಾಸ ಬರುವುದು ಇಲ್ಲಿಂದಲೇ.

ಆ ಹೊಳೆಯ ದಂಡೆಯ ಬೀಚ್ ಮರಗಳು ಹಿಮಯುಗದ ಕಾಲದಿಂದ ಅಲ್ಲಿ ಉಳಿದುಬಂದ ಕುಲದವೆಂದು ಸಂಶೋಧಕರು ಕಂಡುಕೊಂಡಿದ್ದಾರೆ. ಬೋರ್ಡೋದಿಂದ ಟುಲೂಸ್ ಕಡೆಗೆ ಯೋಜಿಸಿರುವ ವೇಗದ ರೈಲುಮಾರ್ಗವು ಸಿರೋನ್ ಕಣಿವೆಯನ್ನು ದಾಟಬೇಕಾಗುತ್ತದೆ ಎಂದು ಗೊತ್ತಾದಾಗ, ಮರಗಳ ನೆರಳು ಕಡಿಮೆಯಾಗಿ ನೀರು ಬೆಚ್ಚಗಾದರೆ ಮಂಜಿನ ಗತಿಯೇನು ಎಂದು ಸೊಟೇರ್ನ್‌ನ ಬೆಳೆಗಾರರು ಗಟ್ಟಿಯಾಗಿ ಕೇಳಿದರು. ಈ ಆತಂಕ ಅತಿಯಾದುದೆಂದು ನನಗೆ ಅನ್ನಿಸುವುದಿಲ್ಲ. ಅವರ ಬದುಕು ನಿಂತಿರುವುದು ಎರಡು ನೀರುಗಳ ನಡುವಿನ ಕೆಲವೇ ಡಿಗ್ರಿ ಉಷ್ಣಾಂಶದ ಅಂತರದ ಮೇಲೆ.

ಇನ್ನು ಮಣ್ಣು. ಮೇಲ್ಪದರದಲ್ಲಿ ಬೆಣಚುಕಲ್ಲು, ಮರಳು, ಜಲ್ಲಿಗಳಿವೆ. ಇವು ಹಗಲಿನ ಬಿಸಿಲನ್ನು ಹೀರಿಕೊಂಡು ಹಣ್ಣು ಪಕ್ವವಾಗಲು ಸಹಾಯ ಮಾಡುತ್ತವೆ. ಕೆಳಗೆ ಜೇಡಿಮಣ್ಣು. ಜೇಡಿ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಬೇಸಿಗೆಯ ಬರದಲ್ಲಿಯೂ ಬಳ್ಳಿ ಬಾಡುವುದಿಲ್ಲ, ಆದರೆ ಮಳೆಗಾಲದಲ್ಲಿ ಬೇರು ನೀರಿನಲ್ಲಿ ನಿಲ್ಲುವ ಅಪಾಯವಿದೆ; ದಿಬ್ಬದ ಒಳಗೆ ಒರತೆಗಳೂ ಇವೆ. ಹೀಗಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯ ಒಡೆಯರು ನೆಲದಡಿಯಲ್ಲಿ ಸುಟ್ಟಮಣ್ಣಿನ ಕೊಳವೆಗಳನ್ನು ಹೂಳಿಸಿ ಹೆಚ್ಚಿನ ನೀರನ್ನು ಹೊರಗೆ ಹರಿಸುವ ಬಸಿಗಾಲುವೆಯ ವ್ಯವಸ್ಥೆ ಮಾಡಿದರು. ಅವುಗಳ ಒಟ್ಟು ಉದ್ದ ಸುಮಾರು 100 ಕಿಲೋಮೀಟರ್. ವಿಜಯಪುರದಿಂದ ಕಲಬುರಗಿಯ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ದೂರ ಹೋದಷ್ಟು ಉದ್ದದ ಕೊಳವೆ ಒಂದೇ ತೋಟದ ನೆಲದಡಿಯಲ್ಲಿದೆ ಎಂದರೆ ನಿಮಗೆ ಅದರ ಪ್ರಮಾಣ ಗೊತ್ತಾದೀತು. ಟೆರ್ವಾರ್ ಎಂದರೆ ದೇವರು ಕೊಟ್ಟ ನೆಲ ಎಂದು ಮಾತ್ರ ಬರೆಯುವವರು ಈ ಕೊಳವೆಗಳನ್ನು ಮರೆಯುತ್ತಾರೆ. ದಿಕೆಮ್‌ನ ನೆಲದ ಗುಣದಲ್ಲಿ ಮನುಷ್ಯರ ಬೆವರಿನ ಪಾಲು ದೊಡ್ಡದು.

ಬಳ್ಳಿಗಳಲ್ಲಿ ಎರಡು ತಳಿ ಮಾತ್ರ. ಮುಕ್ಕಾಲು ಪಾಲು ಸೆಮಿಯೋಂ, ಉಳಿದ ಕಾಲು ಪಾಲು ಸೋವಿನ್ಯೋಂ ಬ್ಲಾಂ. ಸೆಮಿಯೋಂ ಹಣ್ಣಿನ ಸಿಪ್ಪೆ ತೆಳು, ಶಿಲೀಂಧ್ರದ ಎಳೆಗಳು ಅದರೊಳಗೆ ಸುಲಭವಾಗಿ ಇಳಿಯುತ್ತವೆ. ವೈನಿಗೆ ಮೈತುಂಬಿದ ಗುಣ ಬರುವುದು ಇದರಿಂದ. ಸೋವಿನ್ಯೋಂ ಪರಿಮಳವನ್ನೂ ಹುಳಿಯ ಚುರುಕನ್ನೂ ಕೊಡುತ್ತದೆ. ಕೆಂಪು ದ್ರಾಕ್ಷಿಯಲ್ಲಿ ಈ ಕೆಲಸ ಸಾಗುವುದಿಲ್ಲ. ಬೊಟ್ರೈಟಿಸ್ ಹುಟ್ಟಿಸುವ ಲ್ಯಾಕೇಸ್ ಎಂಬ ಕಿಣ್ವ ಕೆಂಪು ಬಣ್ಣವನ್ನು ಹಾಳುಮಾಡುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಮಣೂಕ ಮಾಡುವವರಿಗೆ ಮಾತ್ರ ಹೊಳೆಯುವಂಥ ಪ್ರಶ್ನೆ ಅದು. ನೀವು ಥಾಮ್ಸನ್ ಸೀಡ್‌ಲೆಸ್ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯ ದ್ರಾವಣದಲ್ಲಿ ಅದ್ದಿ ಶೆಡ್ಡಿನ ಬಲೆಗಳ ಮೇಲೆ ಹರಡುತ್ತೀರಿ. ಆ ದ್ರಾವಣ ಸಿಪ್ಪೆಯ ಮೇಲಿನ ಮೇಣದ ಪದರವನ್ನು ಸಡಿಲಿಸುವುದರಿಂದ ಒಳಗಿನ ನೀರು ಬೇಗ ಹೊರಗೆ ಹೋಗುತ್ತದೆ. ಅಲ್ಲಿ ನಡೆಯುವುದು ನೀರಿನ ಕಳೆತ, ಅಷ್ಟೇ. ಸಕ್ಕರೆ, ಹುಳಿ, ರುಚಿ ಎಲ್ಲವೂ ಹೆಚ್ಚುಕಡಿಮೆ ಇದ್ದ ಹಾಗೆಯೇ ಉಳಿದು ಗಟ್ಟಿಯಾಗುತ್ತವೆ. ಬೊಟ್ರೈಟಿಸ್ ಕೂಡ ಮೊದಲಿಗೆ ಮಾಡುವುದು ಅದನ್ನೇ. ಅದರ ಎಳೆಗಳು ಸಿಪ್ಪೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ತೂತುಮಾಡುತ್ತವೆ, ಅದರ ಕಿಣ್ವಗಳು ಸಿಪ್ಪೆಯ ಗೋಡೆಯನ್ನು ಕರಗಿಸುತ್ತವೆ, ಆ ದಾರಿಯಿಂದ ನೀರು ಆವಿಯಾಗುತ್ತದೆ. ಆದರೆ ಶಿಲೀಂಧ್ರ ಒಂದು ಜೀವ; ಅದು ಹಣ್ಣಿನಲ್ಲಿ ವಾಸ ಮಾಡುತ್ತ ಹಣ್ಣನ್ನು ತಿನ್ನುತ್ತದೆ ಕೂಡ. ಸಕ್ಕರೆಯ ಒಂದು ಪಾಲನ್ನು ತಿನ್ನುತ್ತದೆ. ಹುಳಿಗಳನ್ನು, ಅದರಲ್ಲಿಯೂ ಟಾರ್ಟಾರಿಕ್ ಆಮ್ಲವನ್ನು ಹೆಚ್ಚಾಗಿ ತಿನ್ನುತ್ತದೆ. ಅದರ ಬದಲಿಗೆ ಗ್ಲಿಸರಾಲನ್ನೂ ಗ್ಲುಕೋನಿಕ್ ಆಮ್ಲವನ್ನೂ ಬಿಟ್ಟುಹೋಗುತ್ತದೆ. ಹಣ್ಣಿನಲ್ಲಿ ಮೊದಲು ಇಲ್ಲದಿದ್ದ ಅಥವಾ ಅಡಗಿದ್ದ ಪರಿಮಳಗಳು ಎಚ್ಚರಗೊಳ್ಳುತ್ತವೆ. ಅವುಗಳಲ್ಲಿ ಒಂದು ಸೊಟೊಲೋನ್ ಎಂಬ ವಸ್ತು. ನಮ್ಮ ಅಡುಗೆಮನೆಯ ಮೆಂತ್ಯಕ್ಕೆ ಅದರ ವಾಸನೆ ಬರುವುದು ಇದೇ ವಸ್ತುವಿನಿಂದ. ಹಾಗಾಗಿ ಮಣೂಕವೆಂದರೆ ಗಟ್ಟಿಗೊಂಡ ದ್ರಾಕ್ಷಿ; ಕುಲೀನ ಕೊಳೆಯ ಹಣ್ಣಾದರೋ ಬೇರೆಯೇ ಆಗಿ ಮಾರ್ಪಟ್ಟ ದ್ರಾಕ್ಷಿ. ಎರಡರ ವೈನನ್ನು ಅಕ್ಕಪಕ್ಕದಲ್ಲಿಟ್ಟು ರುಚಿ ನೋಡಿದವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಮಾರ್ಪಾಡು ಮೆಟ್ಟಿಲು ಮೆಟ್ಟಿಲಾಗಿ ಆಗುತ್ತದೆ. ಹೊಂಬಣ್ಣದ ಪಕ್ವ ಕಾಳಿನ ಮೇಲೆ ಮೊದಲು ಕಂದು ಚುಕ್ಕೆ ಕಾಣುತ್ತದೆ. ಆಮೇಲೆ ಕಾಳು ಪೂರ್ತಿ ನೇರಳೆಗಂದು ಬಣ್ಣಕ್ಕೆ ತಿರುಗುತ್ತದೆ, ಆದರೆ ಇನ್ನೂ ದುಂಡಗೇ ಇರುತ್ತದೆ. ಕೊನೆಗೆ ಸುಕ್ಕುಗಟ್ಟಿ, ಹುರಿದಿಟ್ಟಂತೆ ಮುದುಡುತ್ತದೆ. ಕೊಯ್ಯಬೇಕಾದದ್ದು ಈ ಕೊನೆಯ ಹಂತದಲ್ಲಿ. ತೊಡಕೇನೆಂದರೆ, ಒಂದು ಗೊನೆಯ ಎಲ್ಲ ಕಾಳುಗಳೂ ಒಂದೇ ದಿನ ಈ ಹಂತಕ್ಕೆ ಬರುವುದಿಲ್ಲ. ಒಂದೇ ಗೊನೆಯಲ್ಲಿ ಮುದುಡಿದ ಕಾಳೂ ಚುಕ್ಕೆಯ ಕಾಳೂ ಬೂಷ್ಟೇ ಸೋಕದ ಕಾಳೂ ಕೆಟ್ಟುಹೋದ ಕಾಳೂ ಪಕ್ಕಪಕ್ಕದಲ್ಲಿ ಇರುತ್ತವೆ. ಆದ್ದರಿಂದ ನೂರಕ್ಕೂ ಹೆಚ್ಚು ಕೊಯ್ಲುಗಾರರು ಸಣ್ಣ ಕತ್ತರಿ ಹಿಡಿದು ಅದೇ ಸಾಲುಗಳಲ್ಲಿ ಮತ್ತೆ ಮತ್ತೆ ಹೋಗುತ್ತಾರೆ. ಸಾಮಾನ್ಯವಾಗಿ ಐದಾರು ಸುತ್ತು. ಕೆಲವು ವರ್ಷ ಅದಕ್ಕಿಂತಲೂ ಹೆಚ್ಚು. ಪ್ರತಿ ಸುತ್ತಿನಲ್ಲಿಯೂ ಸಿದ್ಧವಾದ ಕಾಳುಗಳನ್ನು ಮಾತ್ರ ಬಿಡಿಸಿಕೊಂಡು ಉಳಿದದ್ದನ್ನು ಬಳ್ಳಿಯಲ್ಲಿಯೇ ಬಿಡುತ್ತಾರೆ. ಸೆಪ್ಟೆಂಬರಿನಲ್ಲಿ ಶುರುವಾದ ಕೊಯ್ಲು ನವೆಂಬರಿನವರೆಗೂ ಎಳೆಯುವುದುಂಟು. ನಡುವೆ ಮಳೆ ಹಿಡಿದರೆ ಕೊಯ್ಲು ನಿಲ್ಲುತ್ತದೆ, ಹಣ್ಣು ಒಣಗುವ ತನಕ ಎಲ್ಲರೂ ಕೈಕಟ್ಟಿ ಕಾಯಬೇಕು. ಆ ಕಾಯುವ ದಿನಗಳಲ್ಲಿ ಬಳ್ಳಿಯ ಮೇಲೆ ಉಳಿದಿರುವುದೆಲ್ಲ ಕೊಳೆತುಹೋಗುವ ಸಾಧ್ಯತೆಯೂ ಇದೆ. ಅಕಾಲಿಕ ಮಳೆ ಬಂದ ರಾತ್ರಿ ತೋಟದವನ ನಿದ್ದೆ ಹೇಗಿರುತ್ತದೆ ಎಂಬುದು ನಿಮಗೆ ಗೊತ್ತು. ಅಲ್ಲಿ ಅಂಥ ರಾತ್ರಿಗಳು ಎರಡು ತಿಂಗಳು ಸಾಲಾಗಿ ಬರುತ್ತವೆ.

ಕೊಯ್ದ ಹಣ್ಣಿನ ರಸದಲ್ಲಿ ಸಕ್ಕರೆ ಎಷ್ಟಿರಬೇಕು ಎಂಬುದಕ್ಕೆ ಅವರದೊಂದು ಲೆಕ್ಕವಿದೆ. ಎಲ್ಲ ಸಕ್ಕರೆಯೂ ಮದ್ಯಸಾರವಾಗಿ ಬದಲಾದರೆ ಶೇಕಡಾ 20ರಷ್ಟು ಆಗಬೇಕು, ಅಷ್ಟು. ನಿಮ್ಮ ಬ್ರಿಕ್ಸ್ ಮಾಪಕದ ಭಾಷೆಯಲ್ಲಿ ಹೇಳುವುದಾದರೆ ಸುಮಾರು 33. ನೀವು ಮಣೂಕಕ್ಕೆಂದು ಕೊಯ್ಯುವ ಹಣ್ಣಿನಲ್ಲಿ ಅದು 22ರ ಆಸುಪಾಸು ಇರುತ್ತದೆ. ಇಳುವರಿಯನ್ನು ನೋಡಿದರೆ ಬೆಳೆಗಾರರಾದ ನಿಮಗೆ ಬೇಸರವಾದೀತು. ಸೊಟೇರ್ನ್‌ನ ಕಾನೂನು ಹೆಕ್ಟೇರಿಗೆ 2,500 ಲೀಟರ್ ವೈನ್ ತೆಗೆಯಲು ಅನುಮತಿ ಕೊಡುತ್ತದೆ. ದಿಕೆಮ್‌ನವರು ಸರಾಸರಿ ತೆಗೆಯುವುದು ಸುಮಾರು 900 ಲೀಟರ್. ಬೇರೆಡೆ ಒಂದು ಬಳ್ಳಿಗೆ ಒಂದು ಬಾಟಲಿ ವೈನ್ ಬರುವಂತಿದ್ದರೆ ಇಲ್ಲಿ ಒಂದು ಬಳ್ಳಿಗೆ ಒಂದು ಲೋಟ. ನೂರು ಹೆಕ್ಟೇರಿನಿಂದ ಒಳ್ಳೆಯ ವರ್ಷದಲ್ಲಿಯೂ ಲಕ್ಷ ಬಾಟಲಿಯ ಆಸುಪಾಸು, ಎಷ್ಟೋ ವರ್ಷ ಅದಕ್ಕಿಂತ ಬಹಳ ಕಡಿಮೆ. ಬೆಲೆಯ ಗುಟ್ಟನ್ನು ಹುಡುಕುವವರು ಇಲ್ಲಿಂದ ಆರಂಭಿಸಬೇಕು.

ಹಿಂಡುವ ಕೆಲಸದಲ್ಲಿಯೂ ಒಂದು ವಿಶೇಷವಿದೆ. ಸಾಮಾನ್ಯ ವೈನಿನಲ್ಲಿ ಮೊದಲ ಹಿಂಡಿನ ರಸವೇ ಶ್ರೇಷ್ಠ, ಆಮೇಲಿನದು ಒಗರು. ಇಲ್ಲಿ ಹಣ್ಣನ್ನು ಮೂರು ನಾಲ್ಕು ಬಾರಿ ಹಿಂಡುತ್ತಾರೆ, ಮತ್ತು ಪ್ರತಿ ಹಿಂಡಿಗೂ ಸಕ್ಕರೆ ಏರುತ್ತ ಹೋಗುತ್ತದೆ, ಏಕೆಂದರೆ ಹೆಚ್ಚು ಮುದುಡಿದ ಕಾಳು ತನ್ನ ರಸವನ್ನು ಕೊನೆಗೆ ಬಿಟ್ಟುಕೊಡುತ್ತದೆ. ರಸ ಹುದುಗುವುದು ಹೊಸ ಓಕ್ ಮರದ 225 ಲೀಟರಿನ ಪೀಪಾಯಿಗಳಲ್ಲಿ. ಇಷ್ಟೊಂದು ಸಕ್ಕರೆಯಲ್ಲಿ ಯೀಸ್ಟ್ ಏದುಸಿರು ಬಿಡುತ್ತ ಕೆಲಸ ಮಾಡುತ್ತದೆ. ಶಿಲೀಂಧ್ರ ಅದರ ಆಹಾರವಾದ ಸಾರಜನಕವನ್ನೂ ಮೊದಲೇ ತಿಂದುಬಿಟ್ಟಿರುತ್ತದೆ. ವಾರಗಟ್ಟಲೆ ನಿಧಾನವಾಗಿ ಹುದುಗಿ, ಮದ್ಯಸಾರ ಶೇಕಡಾ 13ರಿಂದ 14 ಆಗುವ ಹೊತ್ತಿಗೆ ಅದು ಸೋತು ನಿಲ್ಲುತ್ತದೆ. ಆಗ ಲೀಟರಿಗೆ 120ರಿಂದ 150 ಗ್ರಾಂ ಸಕ್ಕರೆ ಹಾಗೆಯೇ ಉಳಿದಿರುತ್ತದೆ. ಹೊರಗಿನಿಂದ ಸಕ್ಕರೆಯನ್ನಾಗಲಿ ಮದ್ಯಸಾರವನ್ನಾಗಲಿ ಸೇರಿಸುವುದಿಲ್ಲ. ಪೀಪಾಯಿಯಲ್ಲಿ ಹಿಂದೆ ಮೂರು ವರ್ಷಕ್ಕೂ ಹೆಚ್ಚು ಇಡುತ್ತಿದ್ದರು; ಈಗ ಸುಮಾರು ಎರಡು ವರ್ಷ.

ಅಷ್ಟೆಲ್ಲ ಆದ ಮೇಲೆ ಕೊನೆಯ ತೀರ್ಮಾನ ಬರುತ್ತದೆ. ಪೀಪಾಯಿಗಳನ್ನು ಒಂದೊಂದಾಗಿ ರುಚಿ ನೋಡಿ, ಯಾವುದು ದಿಕೆಮ್ ಹೆಸರಿಗೆ ಯೋಗ್ಯ, ಯಾವುದು ಅಲ್ಲ ಎಂದು ವಿಂಗಡಿಸುತ್ತಾರೆ. ಅಯೋಗ್ಯವೆಂದು ಕಂಡದ್ದು ತೋಟದ ಹೆಸರಿಲ್ಲದೆ ವ್ಯಾಪಾರಿಗಳಿಗೆ ಹೋಗುತ್ತದೆ. ಇಡೀ ವರ್ಷದ ವೈನೇ ಯೋಗ್ಯವಲ್ಲ ಎಂದು ಕಂಡರೆ ಆ ವರ್ಷ ದಿಕೆಮ್ ಎಂಬ ಬಾಟಲಿಯೇ ಹೊರಬರುವುದಿಲ್ಲ. 1910, 1915, 1930, 1951, 1952, 1964, 1972, 1974, 1992, 2012: ಈ ಹತ್ತು ವರ್ಷಗಳಲ್ಲಿ ಹೀಗಾಗಿದೆ. ನೂರಾರು ಕೈಗಳ ಕೆಲಸ, ಇಡೀ ವರ್ಷದ ಖರ್ಚು, ಎಲ್ಲವೂ ಮುಗಿದ ನಂತರ ‘ಬೇಡ’ ಎನ್ನಲು ಬೇಕಾಗುವ ಮನೋಬಲವನ್ನು ಬೆಳೆಗಾರರಿಗಿಂತ ಚೆನ್ನಾಗಿ ಬೇರೆ ಯಾರೂ ಅಳೆಯಲಾರರು. 1972 ಮತ್ತು 1974ರ ಎರಡು ಬೆಳೆಗಳನ್ನು ಹೀಗೆ ಕೈಬಿಟ್ಟ ದಶಕದಲ್ಲಿ ಸಿಹಿ ವೈನಿಗೆ ಬೇಡಿಕೆಯೇ ಕುಗ್ಗಿತ್ತು, ಸುತ್ತಲಿನ ಎಷ್ಟೋ ತೋಟಗಳು ಸೊರಗಿದ್ದವು ಎಂಬುದನ್ನು ನೆನಪಿಟ್ಟುಕೊಂಡರೆ ಆ ತೀರ್ಮಾನದ ತೂಕ ಇನ್ನೂ ಹೆಚ್ಚುತ್ತದೆ.

ಈ ಶಿಸ್ತು ಒಬ್ಬರ ಕಾಲದಲ್ಲಿ ಹುಟ್ಟಿದ್ದಲ್ಲ. ಮಧ್ಯಯುಗದಲ್ಲಿ ಈ ಪ್ರದೇಶ ಇಂಗ್ಲೆಂಡಿನ ರಾಜರ ಕೈಯಲ್ಲಿತ್ತು. 1453ರಲ್ಲಿ ಮರಳಿ ಫ್ರಾನ್ಸಿನದಾಯಿತು. 1593ರಲ್ಲಿ ಜಾಕ್ ಸೊವಾಜ್ ಎಂಬ ಸ್ಥಳೀಯ ಪ್ರಮುಖನಿಗೆ ದಿಕೆಮ್‌ನ ಅನುಭೋಗದ ಹಕ್ಕು ಸಿಕ್ಕಿತು. 1711ರಲ್ಲಿ ಅದೇ ವಂಶದ ಲೆಯೋನ್ ಸೊವಾಜ್ ಪೂರ್ಣ ಒಡೆಯನಾದ. 1785ರಲ್ಲಿ ಆ ಮನೆತನದ ಫ್ರಾಂಸ್ವಾಸ್ ಜೋಸೆಫಿನ್ ಅವರ ಮದುವೆ ಲುಯಿ ಅಮೆದೆ ದ ಲುರ್-ಸಲ್ಯೂಸ್ ಎಂಬ ಕುಲೀನನೊಂದಿಗೆ ನಡೆದು, ತೋಟ ಲುರ್-ಸಲ್ಯೂಸ್ ಮನೆತನಕ್ಕೆ ಸೇರಿತು. ಮೂರೇ ವರ್ಷಕ್ಕೆ ಗಂಡ ತೀರಿಕೊಂಡ. ಮರುವರ್ಷವೇ ಫ್ರೆಂಚ್ ಕ್ರಾಂತಿ. ಇಪ್ಪತ್ತರ ಹರೆಯದ ಆ ವಿಧವೆ ಕ್ರಾಂತಿಯ ದಿನಗಳ ಸೆರೆವಾಸವನ್ನೂ ಅನುಭವಿಸಿ, ಕುಲೀನರ ಆಸ್ತಿಗಳು ಹರಾಜಾಗುತ್ತಿದ್ದ ಕಾಲದಲ್ಲಿ ದಿಕೆಮ್ ಕೈಬಿಡದಂತೆ ನೋಡಿಕೊಂಡರು. ಮುಂದೆ ಮಗನೂ 1823ರಲ್ಲಿ ತೀರಿಕೊಂಡ. ಅದಕ್ಕೂ ಎದೆಗುಂದದೆ ಆಕೆ 1826ರಲ್ಲಿ ತೋಟದಲ್ಲಿಯೇ ವೈನ್ ಕೊಠಡಿಯನ್ನು ಕಟ್ಟಿಸಿದರು, ಮತ್ತು 1851ರಲ್ಲಿ ತಾವು ಸಾಯುವವರೆಗೂ ತೋಟದ ಹಿಡಿತವನ್ನು ಸಡಿಲಿಸಲಿಲ್ಲ. ಇಂದಿನ ದಿಕೆಮ್‌ಗೆ ಒಬ್ಬರ ಹೆಸರನ್ನು ಹೇಳಬೇಕೆಂದರೆ ನಾನು ಈ ತಾಯಿಯ ಹೆಸರನ್ನು ಹೇಳುತ್ತೇನೆ; ಶಾತೋಗಳ ಚರಿತ್ರೆಯಲ್ಲಿ ಗಂಡಸರ ಹೆಸರುಗಳೇ ತುಂಬಿರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ಅಮೆರಿಕದ ರಾಯಭಾರಿಯಾಗಿ ಫ್ರಾನ್ಸಿನಲ್ಲಿದ್ದ ಥಾಮಸ್ ಜೆಫರ್ಸನ್ 1787ರಲ್ಲಿ ಬೋರ್ಡೋ ಸೀಮೆಯನ್ನು ಸುತ್ತಿದ. ಆಮೇಲೆ ದಿಕೆಮ್‌ಗೇ ನೇರವಾಗಿ ಪತ್ರ ಬರೆದು 1784ರ ಬೆಳೆಯ 250 ಬಾಟಲಿಗಳನ್ನು ತರಿಸಿಕೊಂಡ. ಫ್ರಾನ್ಸಿನಲ್ಲಿ ತಾನು ಕಂಡ ಬೇರಾವ ವೈನಿಗಿಂತಲೂ ಇದು ಅಮೆರಿಕನ್ನರ ನಾಲಿಗೆಗೆ ಹಿಡಿಸಿದೆ ಎಂದು ಬರೆದ ಆತ, 1790ರಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ಗಾಗಿ 30 ಡಜನ್, ತನಗಾಗಿ 10 ಡಜನ್ ಬಾಟಲಿಗಳಿಗೆ ಬೇಡಿಕೆ ಕಳಿಸಿದ. 1855ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕೆಂದು ಬೋರ್ಡೋದ ದಲ್ಲಾಳಿಗಳು ತಮ್ಮ ಸೀಮೆಯ ವೈನುಗಳನ್ನು ಮಾರುಕಟ್ಟೆಯ ಬೆಲೆಗೆ ಅನುಗುಣವಾಗಿ ದರ್ಜೆಗಳಲ್ಲಿ ಪಟ್ಟಿಮಾಡಿದರು. ಆ ಪಟ್ಟಿಯಲ್ಲಿ ಪ್ರಥಮ ದರ್ಜೆಗೂ ಮೇಲಿನ ಒಂದು ದರ್ಜೆಯನ್ನು ಒಂದೇ ತೋಟಕ್ಕಾಗಿ ಇಡಲಾಯಿತು, ಅದು ದಿಕೆಮ್. ಲಾಫಿತ್, ಮಾರ್ಗೋ, ಲಾತೂರ್, ಓ-ಬ್ರಿಯೋನ್‌ಗಳಂಥ ಹೆಸರಾಂತ ಕೆಂಪು ವೈನಿನ ತೋಟಗಳಿಗೂ ಅಂಥ ಪ್ರತ್ಯೇಕ ಸ್ಥಾನ ಸಿಗಲಿಲ್ಲ. 1859ರಲ್ಲಿ ರಷ್ಯಾದ ಚಕ್ರವರ್ತಿಯ ತಮ್ಮ ಕಾನ್‌ಸ್ಟಾಂಟಿನ್ 1847ರ ಬೆಳೆಯ 900 ಲೀಟರ್ ವೈನಿಗೆ 20,000 ಚಿನ್ನದ ಫ್ರಾಂಕ್ ಕೊಟ್ಟದ್ದು ಆ ಕಾಲಕ್ಕೆ ದೊಡ್ಡ ಸುದ್ದಿಯಾಯಿತು.

ಈ 1847ರ ಬೆಳೆಗೆ ಒಂದು ದಂತಕಥೆ ಅಂಟಿಕೊಂಡಿದೆ. ಒಡೆಯ ಊರಲ್ಲಿರಲಿಲ್ಲ, ತಾನು ಬರುವವರೆಗೆ ಕೊಯ್ಯಬೇಡಿ ಎಂದು ಹೇಳಿ ಹೋಗಿದ್ದ, ಅವನು ತಡವಾಗಿ ಬರುವಷ್ಟರಲ್ಲಿ ಹಣ್ಣೆಲ್ಲ ಬೂಷ್ಟು ಹಿಡಿದಿತ್ತು, ಬೇರೆ ದಾರಿಯಿಲ್ಲದೆ ಅದರಿಂದಲೇ ವೈನ್ ಮಾಡಿದಾಗ ಈ ಅದ್ಭುತ ತಿಳಿದುಬಂತು ಎಂಬುದು ಆ ಕಥೆ. ನೀವು ಇದನ್ನು ಎಲ್ಲಿಯಾದರೂ ಓದಿದರೆ ನಂಬಬೇಡಿ. 1666ರಲ್ಲಿ ದಿಕೆಮ್‌ನ ಒಡೆಯನೂ ಗೇಣಿದಾರರೂ ಮಾಡಿಕೊಂಡ ಕರಾರಿನಲ್ಲಿಯೇ, ಬೊಮ್ ಮತ್ತು ಸೊಟೇರ್ನ್‌ಗಳಲ್ಲಿ ಅಕ್ಟೋಬರ್ 15ರ ಸುಮಾರಿಗೆ ಮೊದಲು ಕೊಯ್ಯುವ ವಾಡಿಕೆಯಿಲ್ಲ ಎಂಬ ಮಾತು ಬರುತ್ತದೆ. ತಡವಾಗಿ ಕೊಯ್ಯುವುದು ಆಗಲೇ ಊರಿನ ಪದ್ಧತಿಯಾಗಿತ್ತು ಎಂದಾಯಿತು. ಹಂಗೇರಿಯ ತೊಕಾಯ್ ಸೀಮೆಯಲ್ಲಿಯೂ ಬೂಷ್ಟಿನ ಸಿಹಿ ವೈನಿಗೆ ಅಷ್ಟೇ ಹಳೆಯ ಚರಿತ್ರೆಯಿದೆ. ಕೆಲಸಗಾರರು ತಲೆಮಾರುಗಟ್ಟಲೆ ನೋಡಿ ನೋಡಿ ಕಲಿತದ್ದನ್ನು ಒಡೆಯನ ಒಂದು ದಿನದ ಆಕಸ್ಮಿಕವೆಂದು ಹೇಳುವ ಕಥೆಗಳು ಆ ಕೆಲಸಗಾರರಿಗೆ ಅನ್ಯಾಯ ಮಾಡುತ್ತವೆ.

ಇಪ್ಪತ್ತನೆಯ ಶತಮಾನದ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1968ರಿಂದ ಅಲೆಕ್ಸಾಂದ್ರ್ ದ ಲುರ್-ಸಲ್ಯೂಸ್ ತೋಟವನ್ನು ನಡೆಸಿದರು. 1996ರಲ್ಲಿ ಕುಟುಂಬದ ಇತರರು ತಮ್ಮ ಪಾಲನ್ನು ಎಲ್‌ವಿಎಮ್‌ಎಚ್ ಎಂಬ ಐಷಾರಾಮಿ ವಸ್ತುಗಳ ಕಂಪನಿಗೆ ಮಾರಲು ಹೊರಟಾಗ ಮನೆಯೊಳಗೆ ವ್ಯಾಜ್ಯವೆದ್ದಿತು. 1999ರಲ್ಲಿ ಅದು ಮುಗಿದು ಕಂಪನಿಗೆ ಬಹುಪಾಲು ಒಡೆತನ ಸಿಕ್ಕಿತು. 2004ರಲ್ಲಿ ಪಿಯೇರ್ ಲುರ್ಟೋಂ ದಿಕೆಮ್‌ನ ಮುಖ್ಯಸ್ಥರಾದರು. 2012ರ ಬೆಳೆಯನ್ನು ಕೈಬಿಟ್ಟದ್ದು ಹೊಸ ಒಡೆತನದ ಕಾಲದಲ್ಲಿಯೇ ಎಂಬುದು ನನಗೆ ಸಮಾಧಾನ ಕೊಟ್ಟ ಸಂಗತಿ.

ರುಚಿಯನ್ನು ಮಾತಿನಲ್ಲಿ ಹೇಳುವುದು ಕಷ್ಟ, ಆದರೂ ನಿಮಗೆ ಒಂದು ಅಂದಾಜು ಸಿಗಲಿ. ಎಳೆಯ ದಿಕೆಮ್ ತಿಳಿಹೊನ್ನಿನ ಬಣ್ಣದ್ದು. ಜರ್ದಾಳು, ಕಿತ್ತಳೆಸಿಪ್ಪೆ, ಜೇನುತುಪ್ಪ, ಓಕ್ ಮರದಿಂದ ಬಂದ ವೆನಿಲ್ಲಾ ಇವುಗಳ ನೆನಪು ತರುವ ಪರಿಮಳ. ವಯಸ್ಸಾದಂತೆ ಬಣ್ಣ ಹಳೆಯ ತಾಮ್ರದತ್ತ ತಿರುಗುತ್ತದೆ. ಕೇಸರಿ, ಒಣಹಣ್ಣು, ಕಾಯಿಸಿದ ಸಕ್ಕರೆ, ಸಾಂಬಾರ ಪದಾರ್ಥಗಳ ಗಂಧ ಮುಂದೆ ಬರುತ್ತದೆ. ಸಕ್ಕರೆ ಅಷ್ಟಿದ್ದರೂ ನಾಲಿಗೆಗೆ ಅತಿಯೆನಿಸುವುದಿಲ್ಲ, ಏಕೆಂದರೆ ಅದರ ಹಿಂದೆ ಗಟ್ಟಿಯಾದ ಹುಳಿ ಇರುತ್ತದೆ. ಚೆನ್ನಾಗಿ ಬೇಯಿಸಿದ ಗೊಜ್ಜಿನಲ್ಲಿ ಬೆಲ್ಲವೂ ಹುಣಸೆಯೂ ಒಂದನ್ನೊಂದು ಹಿಡಿದು ನಿಲ್ಲಿಸುವಂಥ ಸಮತೋಲ ಅದು. ಒಳ್ಳೆಯ ವರ್ಷದ ವೈನ್ ನೂರು ವರ್ಷ ಬಾಳುತ್ತದೆ ಎಂಬುದು ಉತ್ಪ್ರೇಕ್ಷೆಯಲ್ಲ. ಆಕಾಶದಲ್ಲಿ ದೊಡ್ಡ ಧೂಮಕೇತು ಕಾಣಿಸಿಕೊಂಡ ವರ್ಷವೆಂದು ಪ್ರಸಿದ್ಧವಾದ 1811ರ ಒಂದು ದಿಕೆಮ್ ಬಾಟಲಿ 2011ರಲ್ಲಿ 75,000 ಪೌಂಡಿಗೆ ಮಾರಾಟವಾಗಿ, ಬಿಳಿ ವೈನಿನ ಬೆಲೆಯಲ್ಲಿ ದಾಖಲೆಯಾಯಿತು. ಇದೇ ತೋಟದಿಂದ 1959ರಲ್ಲಿ ‘ಈಗ್ರೆಕ್’ ಎಂಬ ಇನ್ನೊಂದು ವೈನೂ ಆರಂಭವಾಯಿತು. ಅದು ಸಿಹಿಯಲ್ಲದ ಬಿಳಿ ವೈನ್ ಆದ್ದರಿಂದ ಅದಕ್ಕೆ ಸೊಟೇರ್ನ್ ಎಂಬ ಹೆಸರಿಲ್ಲ; ಬೋರ್ಡೋ ಎಂಬ ಸಾಮಾನ್ಯ ಹೆಸರಿನಲ್ಲಿ ಮಾರುತ್ತಾರೆ. ಎಂದಾದರೂ ರುಚಿ ನೋಡುವ ಮನಸ್ಸಾದರೆ, ದಿಕೆಮ್‌ನಿಂದಲೇ ಶುರುಮಾಡಬೇಕಾಗಿಲ್ಲ. ಅದೇ ಸೀಮೆಯ ಸ್ಯೂದಿರೋ, ಗಿರೋ, ಬಾರ್ಸಾಕ್‌ನ ಕ್ಲಿಮಾನ್ಸ್ ಮುಂತಾದ ತೋಟಗಳ ವೈನ್ ಇದೇ ವಿಧಾನದಲ್ಲಿ ತಯಾರಾಗುತ್ತದೆ, ಬೆಲೆ ಬಹಳ ಕಡಿಮೆ, 375 ಮಿಲಿಲೀಟರಿನ ಅರ್ಧ ಬಾಟಲಿಯಲ್ಲಿಯೂ ಸಿಗುತ್ತದೆ.

ಕೊನೆಯ ಪ್ರಶ್ನೆ: ನಮ್ಮ ಕಡೆ ಬರುತ್ತದೆಯೇ? ಕುಲೀನ ಕೊಳೆಯ ದಾರಿ ವಿಜಯಪುರಕ್ಕೆ ಹೊಂದುವುದಿಲ್ಲ ಎಂದು ನೇರವಾಗಿ ಹೇಳುತ್ತೇನೆ. ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವಿಕೆಯ) ನಂತರ ನಿಮ್ಮ ಹಣ್ಣು ಪಕ್ವವಾಗುವುದು ಫೆಬ್ರುವರಿಯಿಂದ ಏಪ್ರಿಲ್ ನಡುವೆ, ಅಂದರೆ ಗಾಳಿ ಒಣಗುತ್ತ ಬಿಸಿಲು ಏರುತ್ತ ಹೋಗುವ ಕಾಲದಲ್ಲಿ. ಆಗ ಬೆಳಗಿನ ಮಂಜಿನ ಸಾಲು ಇರುವುದಿಲ್ಲ. ತೇವ ಬಂದರೆ ಅಕಾಲಿಕ ಮಳೆಯಾಗಿಯೇ ಬರುತ್ತದೆ, ಮತ್ತು ಆ ಮಳೆಯಲ್ಲಿ ಒಡೆದ ಕಾಳಿನ ಮೇಲೆ ಬೆಳೆಯುವುದು ಕೆಟ್ಟ ಕೊಳೆ. ಅದರಲ್ಲಿ ಬೊಟ್ರೈಟಿಸ್ ಜೊತೆಗೆ ಬೇರೆ ಬೂಷ್ಟುಗಳೂ ವಿನೆಗರ್ ಮಾಡುವ ಬ್ಯಾಕ್ಟೀರಿಯಾಗಳೂ ಸೇರಿರುತ್ತವೆ. ಕೆಲವು ಬೂಷ್ಟುಗಳು ವಿಷವಸ್ತುಗಳನ್ನೂ ಉಂಟುಮಾಡುತ್ತವೆ. ದಯವಿಟ್ಟು ಅಂಥ ಹಣ್ಣಿನಿಂದ ಪ್ರಯೋಗ ಮಾಡಬೇಡಿ.

ಆದರೆ ನಿಮ್ಮ ಶೆಡ್ಡಿನಲ್ಲಿ ಇನ್ನೊಂದು ಹಳೆಯ ದಾರಿ ಈಗಾಗಲೇ ಇದೆ. ಇಟಲಿಯ ಟಸ್ಕನಿಯಲ್ಲಿ ‘ವಿನ್ ಸಾಂತೊ’ ಎಂಬ ಸಿಹಿ ವೈನಿಗಾಗಿ ಗೊನೆಗಳನ್ನು ಗಾಳಿಯಾಡುವ ಅಟ್ಟದಲ್ಲಿ ತೂಗುಹಾಕಿ ಅಥವಾ ಚಾಪೆಗಳ ಮೇಲೆ ಹರಡಿ ತಿಂಗಳುಗಟ್ಟಲೆ ಬಾಡಿಸುತ್ತಾರೆ. ಅಲ್ಲಿ ಬೂಷ್ಟು ಬೇಕಾಗಿಲ್ಲ, ನೆರಳು ಮತ್ತು ಗಾಳಿ ಸಾಕು. ನಮ್ಮ ದೇಶದಲ್ಲಿಯೇ ನಾಸಿಕದ ಸೂಲಾ ಸಂಸ್ಥೆ ಶೆನಿನ್ ಬ್ಲಾಂ ಹಣ್ಣನ್ನು ತಡವಾಗಿ ಕೊಯ್ದು ಸಿಹಿ ವೈನ್ ಮಾಡುತ್ತಿದೆ. ಪರವಾನಗಿ ಇರುವ ಒಂದು ವೈನರಿಯ ಜೊತೆ ಒಪ್ಪಂದ ಮಾಡಿಕೊಂಡು ಇಂಥದನ್ನು ಪರೀಕ್ಷಿಸುವುದಾದರೆ ಎರಡು ವಿಷಯ ಗಮನಿಸಿ. ಥಾಮ್ಸನ್ ಸೀಡ್‌ಲೆಸ್‌ನಲ್ಲಿ ಹುಳಿಯೂ ಪರಿಮಳವೂ ಕಡಿಮೆ, ಆದ್ದರಿಂದ ವೈನ್ ತಳಿಯ ಕೆಲವು ಸಾಲುಗಳನ್ನು ಬೇರೆಯಾಗಿ ನೆಡಬೇಕಾಗುತ್ತದೆ. ಮತ್ತು ಆ ಗೊನೆಗಳನ್ನು ಡಿಪ್ಪಿಂಗ್ ಎಣ್ಣೆಯಲ್ಲಿ ಅದ್ದಬಾರದು, ಗಂಧಕದ ಹೊಗೆಯನ್ನೂ ಕೊಡಬಾರದು. ಬಲೆಯ ಮೇಲೆ ಒಂದೇ ಪದರವಾಗಿ ಹರಡಿ, ನೆರಳಿನಲ್ಲಿ ನಿಧಾನವಾಗಿ ಬಾಡಿಸಿ, ಪ್ರತಿದಿನ ಬೆಳಿಗ್ಗೆ ಬೂಷ್ಟು ಕಂಡ ಕಾಳನ್ನು ಕಿತ್ತು ಹೊರಗೆ ಹಾಕಬೇಕು.